ತನ್ನ ಹೊಟ್ಟೆಯೊಳಗೆ ಇಣುಕಿದ ಎರ್ಮಿಲಾ

ತುಮಾಕೊ ಕೊಲ್ಲಿಯ ಆಚೆ ದಡದಲ್ಲಿ ಚಿಪ್ಪು ಹೆಕ್ಕುವ ಹೆಂಗಸರ ಪೈಕಿ ಎರ್ಮಿಲಾ ಲಾಂಡಾಸುರಿಯಷ್ಟು ಪ್ರಶ್ನೆ ಕೇಳುವವಳು ಇನ್ನೊಬ್ಬಳಿರಲಿಲ್ಲ. ಹುಡುಗಿಯಾಗಿದ್ದಾಗ ಅಪ್ಪ ಹಿಡಿದು ತಂದ ಮೀನಿನ ಹೊಟ್ಟೆ ಸೀಳಿ, ಮೊಟ್ಟೆ ಯಾವ ಚೀಲದಲ್ಲಿ, ಗಾಳಿ ಯಾವ ಚೀಲದಲ್ಲಿ ಎಂದು ಹಲಗೆಯ ಮೇಲೆ ಹರಡಿ ನೋಡುವಷ್ಟರಲ್ಲಿ ಬೆಕ್ಕು ಅರ್ಧ ಮೀನು ಮುಗಿಸಿರುತ್ತಿತ್ತು. ಮದುವೆಯಾದ ಹೊಸತರಲ್ಲಿ ಗಂಡನ ದೋಣಿಯ ಮೋಟಾರನ್ನು ಬಿಚ್ಚಿ ಮತ್ತೆ ಜೋಡಿಸಿದ್ದಳು. ಜೋಡಿಸಿದ ಮೇಲೆ ಒಂದೆರಡು ತಿರುಪು ಮಿಕ್ಕವು. ಅವಿಲ್ಲದೆಯೂ ಮೋಟಾರು ಓಡುತ್ತದೆ ಎಂಬುದು ಅವಳ ವಾದ. ಓಡಿತು, ಆದರೆ ಕೊಲ್ಲಿಯ ನಡುವೆ ನಿಂತುಹೋಯಿತು ಎಂಬುದು ಗಂಡನ ದೂರು.

ಆ ಗಂಡ ಸಮುದ್ರದಲ್ಲೇ ತೀರಿಕೊಂಡು ಬಹಳ ವರ್ಷವಾಗಿತ್ತು. ಮೂವರು ಮಕ್ಕಳು ದೊಡ್ಡವರಾಗಿ ತಮ್ಮ ತಮ್ಮ ಸಂಸಾರದಲ್ಲಿದ್ದರು. ಎರ್ಮಿಲಾ ಐವತ್ತು ದಾಟಿದರೂ ನೀರು ಇಳಿದಾಗಲೆಲ್ಲ ಉಳಿದ ಹೆಂಗಸರೊಂದಿಗೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನೊಳಗೆ ಹೋಗುತ್ತಿದ್ದಳು. ಸೊಳ್ಳೆಗೆಂದು ತೆಂಗಿನ ಸಿಪ್ಪೆಯ ಹೊಗೆ ಹಾಕಿಕೊಂಡು, ಬೇರುಗಳ ನಡುವೆ ಬಗ್ಗಿ, ಮೊಣಕೈಮಟ್ಟ ಕೆಸರಿಗೆ ಕೈಬಿಟ್ಟು ಕಪ್ಪು ಚಿಪ್ಪುಗಳನ್ನು ತಡಕಿ ತೆಗೆಯುವ ಕೆಲಸ. ಜೊತೆಗೆ ಯಾವಾಗಲೂ ಫುಲ್ವಿಯಾ ಇರುತ್ತಿದ್ದಳು. ಎರ್ಮಿಲಾಳ ಹಿರಿಮಗನ ನಾಮಕರಣದ ದಿನ ಇಗರ್ಜಿಯಲ್ಲಿ ಜ್ಞಾನತಾಯಿಯಾಗಿ ನಿಂತವಳು ಅವಳೇ. ಆ ಸಂಬಂಧದಿಂದ ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದೇ ‘ಕೊಮಾದ್ರೆ’, ಅಂದರೆ ಜೊತೆತಾಯಿ, ಎಂದು. ಬೈಯುವಾಗಲೂ ಅದೇ.

ಒಂದು ಮಳೆಗಾಲದಲ್ಲಿ ಎರ್ಮಿಲಾಳ ಕಿಬ್ಬೊಟ್ಟೆಯ ಎಡಗಡೆ ನೋವೊಂದು ಮನೆ ಮಾಡಿಕೊಂಡಿತು. ಚುಚ್ಚುವ ನೋವಲ್ಲ. ಯಾರೋ ಒಳಗೆ ಕೂತು ಭಾರ ಬಿಡುತ್ತಿದ್ದಂತೆ ಇರುತ್ತಿತ್ತು. ಸಂಜೆಯ ಹೊತ್ತಿಗೆ ಮೈ ಸ್ವಲ್ಪ ಕಾವೇರುತ್ತಿತ್ತು. ಲಂಗದ ದಾರವನ್ನು ದಿನೇ ದಿನೇ ಬಿಗಿಮಾಡಿ ಕಟ್ಟಬೇಕಾಯಿತು. ಅನ್ನ ಸೇರಲಿಲ್ಲ. ತೆಂಗಿನಹಾಲಿನಲ್ಲಿ ಬೇಯಿಸಿದ ಏಡಿಯನ್ನು ಕೂಡ ಅವಳು ತಟ್ಟೆಯಲ್ಲಿ ಬಿಟ್ಟೆದ್ದಾಗ ಫುಲ್ವಿಯಾ ಸುಮ್ಮನಿರಲಿಲ್ಲ. ಸೂಲಗಿತ್ತಿ ವಿಸಿತಾಸಿಯೋನ್ ಅಜ್ಜಿಯನ್ನು ಕರೆತಂದಳು.

ಆ ದಡದ ಅರ್ಧಕ್ಕರ್ಧ ಜನ ಅಜ್ಜಿಯ ಕೈಯಲ್ಲೇ ಲೋಕಕ್ಕೆ ಬಿದ್ದವರು. ಎರ್ಮಿಲಾಳನ್ನು ಚಾಪೆಯ ಮೇಲೆ ಮಲಗಿಸಿ, ಅಂಗೈಗೆ ಎಣ್ಣೆ ಸವರಿಕೊಂಡು ಹೊಟ್ಟೆಯನ್ನು ನಿಧಾನವಾಗಿ ನೀವಿದಳು.

“ಶೀತ ಕಣೇ ಮಗಳೇ. ಜೀವಮಾನವಿಡೀ ಕೆಸರಲ್ಲಿ ನಿಂತ್ರೆ ಗರ್ಭಕೋಶ ಬೆಚ್ಚಗಿರುತ್ತಾ?”

“ಶೀತ ಅಂದ್ರೆ ಅದು ಎಲ್ಲಿಂದ ಒಳಗೆ ಹೋಗುತ್ತೆ ಅಜ್ಜಿ?”

“ನಿನ್ನ ವಿಷಯದಲ್ಲಿ ಬಾಯಿಂದ್ಲೇ ಹೋಗಿರ್ಬೇಕು. ಅದೊಂದು ತಾನೆ ಯಾವಾಗ್ಲೂ ತೆರೆದಿರೋದು.”

ಫುಲ್ವಿಯಾ ಬಿದ್ದೂ ಬಿದ್ದೂ ನಕ್ಕಳು. ಅಜ್ಜಿ ಸೊಪ್ಪಿನ ಹಬೆ ಕೊಟ್ಟಳು. ಬೇರು ನೆನೆಸಿದ ಕಬ್ಬಿನ ಸಾರಾಯಿಯನ್ನು ದಿನಾ ಒಂದು ಗುಟುಕು ಕುಡಿಯಲು ಹೇಳಿದಳು. ಕೆಲವು ದಿನ ಹಗುರವೆನಿಸಿತು. ಆಮೇಲೆ ನೋವು ಮೊದಲಿಗಿಂತ ಗಟ್ಟಿಯಾಗಿ ವಾಪಸು ಬಂತು. ಅಜ್ಜಿ ಮತ್ತೆ ಬಂದು ಹೊಟ್ಟೆ ನೀವುತ್ತಿದ್ದವಳು ಒಂದು ಕಡೆ ಕೈ ನಿಲ್ಲಿಸಿದಳು. ಈ ಸಲ ತಮಾಷೆ ಮಾಡಲಿಲ್ಲ.

“ಇಲ್ಲಿ ಏನೋ ಗಟ್ಟಿ ಇದೆ. ಅಲುಗ್ತಾ ಇಲ್ಲ. ಇದು ನನ್ನ ಹಬೆಗೆ ಬಗ್ಗೋದಲ್ಲ. ನಾಳೆಯೇ ಪಟ್ಣದ ಆಸ್ಪತ್ರೆಗೆ ಹೋಗು.”

“ಏನಿರ್ಬೋದು ಅಜ್ಜಿ?”

“ಕೈಗೆ ಇದೆ ಅಂತ ಗೊತ್ತಾಗುತ್ತೆ. ಏನು ಅಂತ ಗೊತ್ತಾಗಲ್ಲ.”

ಆ ಮಾತು ಎರ್ಮಿಲಾಳನ್ನು ಹೆದರಿಸಿತು ನಿಜ. ಆದರೆ ಹೆದರಿಕೆಯ ಬೆನ್ನಿಗೇ ಇನ್ನೊಂದೂ ಬಂತು. ಇಷ್ಟು ವರ್ಷ ಮೀನು, ಏಡಿ, ಕೋಳಿ, ಮೋಟಾರು ಎಲ್ಲದರ ಒಳಗೂ ಇಣುಕಿದ್ದಳು. ತನ್ನೊಳಗೆ ಏನಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ಅವಳನ್ನು ಸ್ಕ್ಯಾನಿಂಗ್ ಕೋಣೆಗೆ ಕಳಿಸಿದರು. ಅಲ್ಲಿದ್ದವಳು ಡಾಕ್ಟರ್ ಲೂರ್ದೆಸ್ ಗ್ವಾಂಚಾ. ಪಾಸ್ತೊ ಬೆಟ್ಟದ ಕಡೆಯ ಹೆಣ್ಣುಮಗಳು, ಕರಾವಳಿಯ ಸೆಕೆಗೆ ಇನ್ನೂ ಒಗ್ಗದೆ ಕೆನ್ನೆ ಕೆಂಪಾಗಿಸಿಕೊಂಡು ಕೂತಿದ್ದಳು. ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ ಹಚ್ಚಿ, ಅಂಗೈಯಲ್ಲಿ ಹಿಡಿಸುವಂಥ ಸಾಧನವೊಂದನ್ನು ಇಟ್ಟು ಒತ್ತಿದಳು. ಅವಳ ಕಣ್ಣು ಪರದೆಯ ಮೇಲಿತ್ತು. ಪರದೆ ಎರ್ಮಿಲಾಳಿಗೆ ಬೆನ್ನು ಹಾಕಿತ್ತು.

“ಡಾಕ್ಟ್ರಮ್ಮ, ಅದನ್ನ ಸ್ವಲ್ಪ ಈ ಕಡೆ ತಿರುಗಿಸಿ.”

“ಯಾಕಮ್ಮ?”

“ಹೊಟ್ಟೆ ನಂದು ತಾನೆ?”

ಮೂಲೆಯಲ್ಲಿ ನಿಂತಿದ್ದ ಫುಲ್ವಿಯಾ, “ತಿರುಗಿಸ್ಬಿಡಿ ತಾಯಿ. ಇಲ್ಲಾಂದ್ರೆ ಇವಳು ಎದ್ದು ಬಂದು ಯಂತ್ರ ಬಿಚ್ತಾಳೆ” ಎಂದಳು.

ಡಾಕ್ಟರ್ ನಕ್ಕು ಪರದೆ ತಿರುಗಿಸಿದಳು. ಎರ್ಮಿಲಾಳಿಗೆ ಕಂಡದ್ದು ಬೂದಿಬಣ್ಣದ ಮಳೆ. ಅಲ್ಲಲ್ಲಿ ಕಪ್ಪು ಮಡು, ಅಲ್ಲಲ್ಲಿ ಬಿಳಿ ಗೀರು.

“ಇದು ಫೋಟೋನಾ?”

“ಅಲ್ಲ, ಶಬ್ದ. ನಮ್ಮ ಕಿವಿಗೆ ಸಿಗದಂಥ ಶಬ್ದ. ಇದು ಒಳಗೆ ಕಳಿಸುತ್ತೆ, ಒಳಗಿರೋದಕ್ಕೆ ತಾಗಿ ಅದು ವಾಪಸ್ ಬರುತ್ತೆ. ಹೇಗೆ ಬಂತು ಅಂತ ನೋಡಿ ಯಂತ್ರ ಚಿತ್ರ ಬರೆಯುತ್ತೆ. ನೀರಿದ್ರೆ ಕಪ್ಪು, ಮಾಂಸ ಇದ್ರೆ ಬೂದಿ, ಗಟ್ಟಿ ವಸ್ತು ಇದ್ರೆ ಬಿಳಿ. ಇದು ನಿಮ್ಮ ಮೂತ್ರಚೀಲ, ಕಪ್ಪಗಿದೆ ನೋಡಿ. ತುಂಬಾ ನೀರು ಕುಡಿದು ಬಂದಿದ್ದೀರ.”

“ನೀವೇ ತಾನೆ ಕುಡಿಸಿದ್ದು! ಇನ್ನೂ ಹಾಗೇ ಒತ್ತಿದ್ರೆ ಇಲ್ಲೇ ಹೊಳೆ ಹರಿಯುತ್ತೆ.”

ಡಾಕ್ಟರ್ ಸಾಧನವನ್ನು ಎಡಕ್ಕೆ ಜಾರಿಸಿದಳು. ಅವಳ ನಗು ಸ್ವಲ್ಪ ತಗ್ಗಿತು. ಇನ್ನೂ ಹತ್ತಿರದಿಂದ ನೋಡಬೇಕು, ಅದಕ್ಕೆ ಯೋನಿಯ ಮೂಲಕ ಒಂದು ತೆಳುವಾದ ಸಾಧನ ಇಡಬೇಕಾಗುತ್ತದೆ, ಒಪ್ಪಿಗೆಯೇ ಎಂದು ಕೇಳಿದಳು. ಮೂರು ಮಕ್ಕಳು ಬಂದ ದಾರಿ, ಹೋಗಲಿ ಬಿಡಿ ಎಂದಳು ಎರ್ಮಿಲಾ. ಪರದೆಯ ಮೇಲೆ ಕಿತ್ತಳೆಹಣ್ಣಿನಷ್ಟು ದಪ್ಪದ ಒಂದು ಮುದ್ದೆ ಕಾಣಿಸಿತು. ಅಂಚು ಸರಿಯಿಲ್ಲ, ಒಳಗೆ ಅಲ್ಲಲ್ಲಿ ಕಪ್ಪು ಗುಳಿ, ಆ ಗುಳಿಗಳಲ್ಲಿ ಧೂಳು ತೇಲಿದಂತೆ ಏನೋ. ಅದರ ಪಕ್ಕದಲ್ಲಿ, ಗರ್ಭಕೋಶದ ನಟ್ಟನಡುವೆ ಥಳಥಳಿಸುವ ಒಂದು ಬಿಳಿ ಗೀರು, ಅದರ ಹಿಂದೆ ಉದ್ದ ನೆರಳು.

“ಎರ್ಮಿಲಾ, ನಿಮಗೆ ಯಾವಾಗಾದ್ರೂ ವಂಕಿ ಹಾಕಿದ್ರಾ? ಮಕ್ಕಳಾಗದ ಹಾಗೆ ಗರ್ಭಕೋಶದೊಳಗೆ ಇಡೋದು?”

ಎರ್ಮಿಲಾಳ ಮನಸ್ಸಿನ ತಳದಲ್ಲೆಲ್ಲೋ ಹೂತುಹೋಗಿದ್ದ ಒಂದು ಬೆಳಗ್ಗೆ ಮೇಲೆದ್ದು ಬಂತು. ಮೂರನೆಯ ಮಗು ಮೊಲೆಹಾಲು ಬಿಟ್ಟ ಕಾಲ. ದಕ್ಕೆಗೆ ಬಿಳಿ ದೋಣಿಯೊಂದು ಬಂದಿತ್ತು. ಪರದೆ ಕಟ್ಟಿದ ಮೇಜಿನ ಮೇಲೆ ಮಲಗಿಸಿ ನರ್ಸೊಬ್ಬಳು ಏನನ್ನೋ ಇಟ್ಟಿದ್ದಳು. ಕೆಲವು ವರ್ಷ ಕಳೆದ ಮೇಲೆ ತೆಗೆಸಿಕೋ, ನಾವೇ ಬರುತ್ತೇವೆ ಎಂದಿದ್ದಳು. ದೋಣಿ ಮತ್ತೆ ಬರಲಿಲ್ಲ. ಗಂಡ ಹೋದ. ಆಮೇಲೆ ಮುಟ್ಟೂ ನಿಂತಿತು. ಯಾಕೆ ನೆನಪಿಟ್ಟುಕೊಳ್ಳಬೇಕು?

“ಅಯ್ಯೋ ದೇವರೇ,” ಎಂದಳು ಕೊನೆಗೆ. “ಅದು ಇನ್ನೂ ಅಲ್ಲೇ ಇದೆಯಾ? ನನ್ನ ಗಂಡನಿಗಿಂತ ಹೆಚ್ಚು ಕಾಲ ನನ್ನ ಜೊತೆ ಬಾಳಿದೆಯಲ್ಲ ಅದು!”

ಫುಲ್ವಿಯಾಳಿಗೆ ನಗು ಬರಲಿಲ್ಲ. “ಆ ಮುದ್ದೆ ಏನು ಡಾಕ್ಟ್ರಮ್ಮ? ಕ್ಯಾನ್ಸರಾ?”

“ಇರಬಹುದು. ಇಲ್ಲದೇನೂ ಇರಬಹುದು. ಬರೀ ಈ ಚಿತ್ರ ನೋಡಿ ನಾನು ಹೇಳೋಕಾಗಲ್ಲ. ಪಾಸ್ತೊಗೆ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸ್ಬೇಕು. ಅಲ್ಲಿ ನನಗೆ ಸ್ಕ್ಯಾನಿಂಗ್ ಪಾಠ ಹೇಳಿಕೊಟ್ಟ ಬೊತಿನಾ ಸರ್ ಇದ್ದಾರೆ. ವಂಕಿ ವಿಷಯ ನಾನೇ ಅವರಿಗೆ ಫೋನ್ ಮಾಡಿ ಹೇಳ್ತೀನಿ.”

ಹೊರಗೆ ಬಂದ ಮೇಲೆ ಫುಲ್ವಿಯಾ ಕಣ್ಣೊರೆಸಿಕೊಂಡಳು. ಎರ್ಮಿಲಾ ಮೆಟ್ಟಿಲ ಮೇಲೆ ಕೂತು, ಕೆಸರು ಕೂತು ಕಪ್ಪಾದ ಉಗುರನ್ನೇ ನೋಡುತ್ತ, “ನೀರಾದ್ರೆ ಕಪ್ಪು, ಮಾಂಸ ಆದ್ರೆ ಬೂದಿ. ಹಾಗಿದ್ರೆ ಕೀವು ಯಾವ ಬಣ್ಣ? ಕೇಳೋದು ಮರೆತೇಬಿಟ್ಟೆ” ಎಂದಳು.

ಪಾಸ್ತೊಗೆ ಹೋಗುವ ಬಸ್ಸು ಏರುತ್ತ ಏರುತ್ತ ಮೋಡದೊಳಗೆ ಹೊಕ್ಕಿತು. ಇಬ್ಬರೂ ಇದ್ದಬದ್ದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡರು. “ಈ ಚಳಿಯಲ್ಲಿ ಹುಟ್ಟಿದೋರಿಗೆ ಗರ್ಭಕೋಶಕ್ಕೆ ಶೀತ ಆಗಲ್ವಾ? ಅಜ್ಜೀನ ಕೇಳ್ಬೇಕು” ಎಂದಳು ಎರ್ಮಿಲಾ. “ಮೊದಲು ಬದುಕಿ ವಾಪಸ್ ಹೋಗು, ಆಮೇಲೆ ಕೇಳೋವಂತೆ” ಎಂದಳು ಫುಲ್ವಿಯಾ, ಹಲ್ಲು ಕಟಕಟಿಸುತ್ತ.

ಸಿ.ಟಿ. ಯಂತ್ರ ದೊಡ್ಡ ಉಂಗುರದಂತಿತ್ತು. ತೋಳಿನ ನರಕ್ಕೆ ಔಷಧಿ ಬಿಟ್ಟಾಗ ಗಂಟಲಿನಿಂದ ಕಿಬ್ಬೊಟ್ಟೆಯವರೆಗೆ ಬಿಸಿನೀರು ಇಳಿದಂತಾಯಿತು. ಮಲಗಿದ್ದಲ್ಲೇ ಉಚ್ಚೆ ಹೊಯ್ದುಕೊಂಡೆನೇ ಎಂದು ಗಾಬರಿಬಿದ್ದಳು. ಎಲ್ಲರಿಗೂ ಹಾಗೇ ಅನಿಸುತ್ತದೆ, ಏನೂ ಆಗಿಲ್ಲ ಎಂದು ಒಳಗಿನಿಂದ ಯಾರದೋ ದನಿ ಸಮಾಧಾನ ಹೇಳಿತು.

ಶಸ್ತ್ರವೈದ್ಯ ಡಾಕ್ಟರ್ ಎರಾಸೊ ಉದ್ದನೆಯ ಆಳು. ನಡಿಗೆಯೂ ಬೇಗ, ಮಾತೂ ಬೇಗ. ಕೆಟ್ಟವನಲ್ಲ. ಕಂಡದ್ದನ್ನು ಕಂಡಂತೆ ಹೇಳಿದ. “ಗಡ್ಡೆ ದೊಡ್ಡದಿದೆ ತಾಯಿ. ಅಂಡಾಶಯದಿಂದ ಶುರುವಾಗಿ ಕರುಳಿಗೆ ಅಂಟಿಕೊಂಡಿದೆ. ಕ್ಯಾನ್ಸರ್ ಅಂತಲೇ ಲೆಕ್ಕ ಹಾಕಿ ಆಪರೇಷನ್ ಮಾಡ್ಬೇಕು. ಗರ್ಭಕೋಶ, ಎರಡೂ ಅಂಡಾಶಯ, ಬಹುಶಃ ಕರುಳಿನ ಒಂದು ತುಂಡು. ಕೆಲವು ಕಾಲ ಮಲ ಹೋಗೋಕೆ ಹೊಟ್ಟೆ ಮೇಲೆ ಚೀಲ ಹಾಕ್ಕೊಂಡು ಇರಬೇಕಾಗಬಹುದು.”

ಚೀಲ ಹಾಕಿಕೊಂಡು ಕೆಸರಿಗಿಳಿಯಲು ಆಗುವುದಿಲ್ಲ ಎಂದು ಯಾರೂ ಅವಳಿಗೆ ಹೇಳಬೇಕಿರಲಿಲ್ಲ. ಆದರೂ ಕೇಳಿದಳು, “ಅದನ್ನ ನಾನು ಒಂದ್ಸಲ ನೋಡ್ಬೋದಾ?”

“ನೋಡಿ ಏನು ಮಾಡ್ತೀರಿ?”

“ತೆಗೆದು ಬಿಸಾಡೋ ಮುಂಚೆ ಮುಖ ಆದ್ರೂ ನೋಡ್ಬೇಡ್ವಾ ಸ್ವಾಮಿ?”

ಎರಾಸೊನಿಗೆ ಏನನಿಸಿತೋ, ದಾದಿಯನ್ನು ಕರೆದು, ಇವರನ್ನು ಬೊತಿನಾ ಹತ್ತಿರ ಕರೆದುಕೊಂಡು ಹೋಗು ಎಂದ.

ಬೊತಿನಾ ವಯಸ್ಸಾದ ಮನುಷ್ಯ. ಕಿಟಕಿ ಮುಚ್ಚಿದ ಕೋಣೆಯಲ್ಲಿ, ಆರಿಹೋದ ಕಾಫಿ ಪಕ್ಕಕ್ಕಿಟ್ಟುಕೊಂಡು ಎರ್ಮಿಲಾಳ ಹೊಟ್ಟೆಯನ್ನೇ ನೋಡುತ್ತ ಕೂತಿದ್ದ. “ಬನ್ನಿ ಬನ್ನಿ, ಲೂರ್ದೆಸ್ ಹೇಳಿದ್ದು ನಿಮ್ಮ ಬಗ್ಗೆಯೇ ಅಲ್ವೆ? ಪರದೆ ತಿರುಗಿಸು ಅನ್ನೋ ಅಮ್ಮ?” ಎಂದು ಕುರ್ಚಿ ಎಳೆದುಕೊಟ್ಟ. ಬ್ರೆಡ್ಡನ್ನು ತೆಳ್ಳಗೆ ಹೆಚ್ಚಿದಂತೆ ಅವಳ ದೇಹ ಹೋಳು ಹೋಳಾಗಿ ಪರದೆಯ ಮೇಲೆ ಸರಿಯಿತು. ಬೆನ್ನುಮೂಳೆ, ಸೊಂಟದ ಮೂಳೆ, ಸುರುಳಿ ಸುತ್ತಿದ ಕರುಳು. ಎಡಕ್ಕೆ ಆ ಮುದ್ದೆ.

“ಇದೇನಾ ಅದು?”

“ಇದೇ. ಬೆಳಗ್ಗಿಂದ ನನ್ನ ತಲೆ ತಿಂತಾ ಇದೆ.” ಅವನು ಪಕ್ಕದಲ್ಲಿ ರೋಗಿ ಕೂತಿದ್ದಾಳೆ ಎಂಬುದನ್ನು ಮರೆತವನಂತೆ ತನ್ನಷ್ಟಕ್ಕೇ ಮಾತಾಡತೊಡಗಿದ. “ಇಷ್ಟು ದೊಡ್ಡ ಕ್ಯಾನ್ಸರ್ ಆಗಿದ್ರೆ ಸಾಮಾನ್ಯವಾಗಿ ಹೊಟ್ಟೆಯಲ್ಲಿ ನೀರು ತುಂಬಿರ್ಬೇಕು. ಇಲ್ಲಿ ಹೆಚ್ಚಿಲ್ಲ. ಸುತ್ತಲಿನ ದುಗ್ಧಗ್ರಂಥಿಗಳು ಊದಿರ್ಬೇಕು. ಊದಿಲ್ಲ. ಮತ್ತೆ ಇದು ಬೆಳೆದಿರೋ ರೀತಿ ನೋಡಿ. ಗೋಡೆ, ಬೇಲಿ ಏನನ್ನೂ ಲೆಕ್ಕಕ್ಕಿಡದೆ ಬೇರು ಬಿಟ್ಟ ಹಾಗೆ ನುಗ್ಗಿದೆ. ಇದು ನಿಮ್ಮ ವಂಕಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ನನಗೆ ಇನ್ನೊಂದು ಅನುಮಾನ.”

“ಏನದು?”

“ಕಣ್ಣಿಗೆ ಕಾಣದ ಒಂದು ಕ್ರಿಮಿ ಇದೆ. ನಮ್ಮೆಲ್ಲರ ಬಾಯಲ್ಲೂ ಕರುಳಲ್ಲೂ ಸುಮ್ಮನೆ ಇರುತ್ತೆ, ತೊಂದರೆ ಕೊಡಲ್ಲ. ವರ್ಷಗಟ್ಟಲೆ ತೆಗೆಯದ ವಂಕಿ ಸಿಕ್ಕಿದ್ರೆ ಅಪರೂಪಕ್ಕೆ ಅಲ್ಲಿ ನೆಲೆ ಊರುತ್ತೆ. ನಿಧಾನವಾಗಿ ಕೀವು ಕಟ್ಟಿಸುತ್ತೆ, ಗಡ್ಡೆ ಬೆಳೆಸುತ್ತೆ. ನೋಡೋಕೆ ಥೇಟ್ ಕ್ಯಾನ್ಸರ್. ಆದರೆ ಪೆನಿಸಿಲಿನ್‌ಗೆ ಕರಗುತ್ತೆ.”

“ಇದು ಅದೇ ಅಂತ ನಿಮಗೆ ಖಾತ್ರಿನಾ?”

“ಇಲ್ಲ,” ಎಂದ ಬೊತಿನಾ. “ಈ ಚಿತ್ರ ನೋಡಿ ಅನುಮಾನ ಪಡಬಹುದು. ಆಣೆ ಮಾಡೋಕಾಗಲ್ಲ. ಒಂದು ಸೂಜಿ ಹಾಕಿ ಚೂರು ತೆಗೆದು ನೋಡ್ಬೇಕು.”

ಅವಳ ಎದುರಿಗೇ ಎರಾಸೊಗೆ ಫೋನ್ ಮಾಡಿದ. ಆ ಕಡೆಯ ದನಿ ಏರಿದ್ದು ಎರ್ಮಿಲಾಳಿಗೂ ಕೇಳಿಸಿತು. “ಕಾದು ಕಾದು ಕ್ಯಾನ್ಸರ್ ಹರಡಿದ್ರೆ ಹೊಣೆ ಯಾರಪ್ಪ?” “ಕ್ರಿಮಿಗೋಸ್ಕರ ಕರುಳು ಕತ್ತರಿಸಿದ್ರೆ ಹೊಣೆ ಯಾರು?” ಎಂದ ಬೊತಿನಾ. ಇಬ್ಬರೂ ಸ್ವಲ್ಪ ಹೊತ್ತು ಗುದ್ದಾಡಿದರು. ಕೊನೆಗೆ ಎರಾಸೊ, ಸರಿ, ಫಲಿತಾಂಶ ಬರುವವರೆಗೆ ಕತ್ತಿ ಮುಟ್ಟುವುದಿಲ್ಲ, ಆದರೆ ಬೇಗ ಬರಲಿ ಎಂದ.

ಸ್ಕ್ಯಾನಿಂಗ್ ಪರದೆಯಲ್ಲಿ ನೋಡುತ್ತಲೇ ಸೂಜಿ ಹಾಕಿದರು. ಸೂಜಿ ಬೂದಿ ಬಣ್ಣದ ಮುದ್ದೆಯೊಳಗೆ ಬೆಳ್ಳಿಯ ಎಳೆಯಂತೆ ಇಳಿಯುವುದನ್ನು ಎರ್ಮಿಲಾ ತುಟಿ ಕಚ್ಚಿಕೊಂಡು ನೋಡಿದಳು. ನೋವಾಯಿತು. ಕಣ್ಣು ಮಾತ್ರ ಮುಚ್ಚಲಿಲ್ಲ.

ಫಲಿತಾಂಶಕ್ಕೆ ಕಾಯುವ ದಿನಗಳು ಕಷ್ಟದವು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದರು. ಫುಲ್ವಿಯಾ ಹತ್ತಿರದ ಇಗರ್ಜಿಯ ಮಾತೆಯ ಮುಂದೆ ಮಂಡಿಯೂರಿದರೆ ಏಳುತ್ತಿರಲಿಲ್ಲ. ಎರ್ಮಿಲಾಳಿಗೆ ಒಂದೇ ಕಡೆ ಕೂರಲಾಗದು. ಒಂದು ಮಧ್ಯಾಹ್ನ ಚೌಕದಲ್ಲಿ ಗಿನಿಯಿಲಿಗಳನ್ನು ಕೋಲಿಗೆ ಚುಚ್ಚಿ ಕೆಂಡದ ಮೇಲೆ ತಿರುಗಿಸುತ್ತಿದ್ದ ಹೆಂಗಸಿನ ಮುಂದೆ ನಿಂತಳು. ಪಕ್ಕದ ಬೋಗುಣಿಯಲ್ಲಿ ಹೊಟ್ಟೆ ಸೀಳಿದ ಇನ್ನೊಂದು ಪ್ರಾಣಿಯಿತ್ತು.

“ಇದು ಹೆಣ್ಣಾ? ಇದರ ಗರ್ಭಕೋಶ ಎಲ್ಲಿದೆ?”

ಮಾರುವವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಏನಮ್ಮ ಕರಾವಳಿಯೋಳೇ, ತಿನ್ನೋಕೆ ಬಂದ್ಯೋ ಓದೋಕೆ ಬಂದ್ಯೋ?”

“ನಿಮ್ಮೂರ ಇಲಿ ನಮಗೆ ಬೇಡ ತಾಯಿ. ಸುಮ್ಮನೆ ತೋರಿಸು.”

“ಇಲಿಯಂತೆ ಇಲಿ! ಕೆಸರು ತಿನ್ನೋರಿಗೆ ಇದರ ರುಚಿ ಏನು ಗೊತ್ತು?” ಎಂದು ಬೈದರೂ ಅವಳು ಬೆರಳಿನಿಂದ ಸರಿಸಿ ತೋರಿಸಿದಳು. ಕವಲೊಡೆದ ಎರಡು ತೆಳು ನಾಳ, ತುದಿಯಲ್ಲಿ ಪುಟ್ಟ ಕಾಳಿನಂಥ ಅಂಡಾಶಯ. ಎರ್ಮಿಲಾ ಬಗ್ಗಿ ನೋಡಿದಳು. ಇಷ್ಟೇ ತಾನೆ ಅಲ್ಲಿ ಇರುವುದು? ಇಷ್ಟು ಸಣ್ಣ ನಾಳದ ದಾರಿ ಹಿಡಿದು ಕ್ರಿಮಿ ನಡೆದು ಹೋಗುತ್ತದೆಯೇ?

ಇಗರ್ಜಿಯಿಂದ ಬಂದ ಫುಲ್ವಿಯಾ ಅವಳನ್ನು ಅಲ್ಲಿಂದ ಎಳೆದೊಯ್ದಳು. “ಸಾಯೋ ಭಯ ಇಲ್ವೇನೇ ಕೊಮಾದ್ರೆ ನಿಂಗೆ?”

“ಇದೆ. ಇಲ್ದೇ ಇರುತ್ತಾ?” ಎರ್ಮಿಲಾಳ ದನಿ ಸಣ್ಣದಾಯಿತು. “ಆದ್ರೆ ಏನಾಯ್ತು ಅಂತ ಗೊತ್ತಾಗ್ದೇ ಸಾಯೋ ಭಯ ಅದಕ್ಕಿಂತ ಜಾಸ್ತಿ ಇದೆ. ನಮ್ಮಮ್ಮ ಹೊಟ್ಟೆ ಹಿಡ್ಕೊಂಡು ಹೋದ್ಲು. ಶೀತ ಅಂದ್ರು. ಮಣ್ಣಾದ್ಮೇಲೂ ಯಾರಿಗೂ ಏನೂ ಗೊತ್ತಾಗ್ಲಿಲ್ಲ.”

ಫುಲ್ವಿಯಾ ಕೊಮಾದ್ರೆಯ ತಣ್ಣಗಾದ ಕೈಯನ್ನು ತನ್ನ ಶಾಲಿನೊಳಗೆ ಎಳೆದುಕೊಂಡು ನಡೆದಳು.

ಫಲಿತಾಂಶ ತಂದವನು ಎರಾಸೊ. ಎಂದಿನ ದಾಪುಗಾಲಿನಲ್ಲಿ ಬಂದು ಬಾಗಿಲಲ್ಲೇ ನಿಂತು ಹೇಳಿದ. “ಬೊತಿನಾ ಗೆದ್ದ. ಕ್ಯಾನ್ಸರ್ ಕಣಗಳು ಸಿಗಲಿಲ್ಲ. ಅದೇ ಕ್ರಿಮಿ, ಹಳದಿ ಕಾಳುಗಳ ಹಾಗೆ ಗುಂಪು ಕಟ್ಟಿದೆಯಂತೆ. ನನ್ನ ಜೀವನದಲ್ಲಿ ನಾನು ಇಷ್ಟು ಸಂತೋಷವಾಗಿ ಸೋತಿಲ್ಲ ತಾಯಿ.” ಫುಲ್ವಿಯಾ ಗೋಡೆಗೊರಗಿ ಗಳಗಳನೆ ಅತ್ತಳು. ಎರ್ಮಿಲಾ, “ಹಳದಿ ಕಾಳಾ? ಎಷ್ಟು ದಪ್ಪ?” ಎಂದಳು.

ವಂಕಿಯನ್ನು ಎರಾಸೊ ತಾನೇ ತೆಗೆದ. ಎರ್ಮಿಲಾ ಕೇಳಿದ್ದಕ್ಕೆ ತಟ್ಟೆಯಲ್ಲಿಟ್ಟು ತೋರಿಸಿದರು. ಕಪ್ಪುಗಟ್ಟಿ, ಪಾಚಿ ಕಟ್ಟಿದಂತೆ ಒರಟಾಗಿತ್ತು. ಆಮೇಲೆ ವಾರಗಟ್ಟಲೆ ನರಕ್ಕೆ ಪೆನಿಸಿಲಿನ್. ಜ್ವರ ಬಿಟ್ಟಿತು, ಹಸಿವು ಬಂತು. ಒಂದು ದಿನ ಆಲೂಗಡ್ಡೆಯ ಸಾರಿಗೆ ಎರಡನೆಯ ಬಟ್ಟಲು ಕೇಳಿದಳು. ಮಾತ್ರೆಗಳ ದೊಡ್ಡ ಗಂಟಿನೊಂದಿಗೆ ಊರಿಗೆ ಕಳಿಸಿದರು. ಹಲವು ತಿಂಗಳು ತಪ್ಪದೆ ನುಂಗಬೇಕು, ನಡುನಡುವೆ ಲೂರ್ದೆಸ್ ಹತ್ತಿರ ಸ್ಕ್ಯಾನಿಂಗ್ ಮಾಡಿಸಬೇಕು.

ಆ ಸ್ಕ್ಯಾನಿಂಗ್ ದಿನಗಳಿಗಾಗಿ ಎರ್ಮಿಲಾ ಹಬ್ಬಕ್ಕೆ ಕಾದಂತೆ ಕಾಯುತ್ತಿದ್ದಳು. ಕಿತ್ತಳೆಯಷ್ಟಿದ್ದದ್ದು ನಿಂಬೆಯಷ್ಟಾಯಿತು. ನಿಂಬೆ ಅವರೆಕಾಳಾಯಿತು. ಕೀವಿನ ಬಣ್ಣವೇನು ಎಂಬುದಕ್ಕೂ ಉತ್ತರ ಸಿಕ್ಕಿತು. ತೆಳುವಾಗಿದ್ದರೆ ಕಪ್ಪು, ಮಂದವಾದರೆ ಮಂಜು ಮುಸುಕಿದ ಕಪ್ಪು. ಒಂದೊಂದು ಸಲ ಮಾಂಸದಂತೆಯೇ ಕಂಡು ಡಾಕ್ಟರನ್ನೂ ಏಮಾರಿಸುತ್ತದೆ. ಚಿಪ್ಪಿನ ಪೊಟ್ಟಣ ತಂದು ಕೊಟ್ಟರೆ ಲೂರ್ದೆಸ್, “ಇದನ್ನ ತಿನ್ನೋದು ಹೇಗೆ? ರಬ್ಬರಿನ ಹಾಗಿದೆ” ಎನ್ನುವಳು. “ಇಲಿ ತಿಂದ ಹಲ್ಲಿಗೆ ಇದೊಂದು ಕಷ್ಟವಾ?” ಎನ್ನುವಳು ಎರ್ಮಿಲಾ. ಬಳಿಕ ಒಂದು ದಿನ ಲೂರ್ದೆಸ್ ಬಹಳ ಹೊತ್ತು ಹುಡುಕಿ, “ಗಡ್ಡೆ ಇಲ್ಲ. ಒಂಚೂರು ಕಲೆ ಉಳಿದಿದೆ, ಅದು ಹಾಗೇ ಇರುತ್ತೆ” ಎಂದಳು.

ಎರ್ಮಿಲಾ ಮತ್ತೆ ಕೆಸರಿಗಿಳಿದಳು. ಆದರೆ ಈಗ ಬೇರುಗಳ ನಡುವೆ ಬಗ್ಗಿದ ಹೆಂಗಸರೆಲ್ಲರಿಗೂ ಒಂದೇ ಪ್ರಶ್ನೆ. “ಆ ಬಿಳಿ ದೋಣಿ ಬಂದಿತ್ತಲ್ಲ, ಅವತ್ತು ನೀನೂ ಮೇಜಿನ ಮೇಲೆ ಮಲಗಿದ್ಯಾ?” ಕೆಲವರು ಯಾವಾಗಲೋ ತೆಗೆಸಿದ್ದರು. ಕೆಲವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಅವರನ್ನೆಲ್ಲ ದೋಣಿ ತುಂಬಿಸಿಕೊಂಡು ಲೂರ್ದೆಸ್ ಹತ್ತಿರ ಕರೆದೊಯ್ದಳು. ಹೆಚ್ಚಿನವರ ವಂಕಿ ಯಾವ ತಂಟೆಯೂ ಮಾಡದೆ ಕೂತಿತ್ತು, ತೆಗೆದು ಕಳಿಸಿದರು. ಪರದೆ ನೋಡಿ ಅರ್ಥ ಹೇಳುವುದರಲ್ಲಿ ಎರ್ಮಿಲಾಳಿಗೆ ಸ್ವಲ್ಪ ಜಂಬವೂ ಬಂದಿತ್ತು.

ಆ ಜಂಬ ಇಳಿದದ್ದು ಫುಲ್ವಿಯಾಳ ಸೊಸೆ ನೇಸಿಯ ದೆಸೆಯಿಂದ. ಎಳೆಯ ಹುಡುಗಿ; ಮೂರು ದಿನದ ಜ್ವರ, ಕಿಬ್ಬೊಟ್ಟೆ ನೋವು, ವಾಸನೆಯ ಬಿಳಿಸೆರಗು. ಎರ್ಮಿಲಾಳೇ ಕರೆತಂದಳು. ಪರದೆಯ ಮೇಲೆ ಎಲ್ಲ ಅಚ್ಚುಕಟ್ಟಾಗಿತ್ತು.

“ನೋಡು ಮಗಳೇ, ಏನೂ ಇಲ್ಲ, ಹೆದರ್ಬೇಡ” ಎಂದು ಡಾಕ್ಟರಿಗಿಂತ ಮುಂಚೆ ಎರ್ಮಿಲಾಳೇ ಹೇಳಿಬಿಟ್ಟಳು.

ಲೂರ್ದೆಸ್ ತಲೆಯಲ್ಲಾಡಿಸಿದಳು. ಸ್ತ್ರೀರೋಗದ ಡಾಕ್ಟರನ್ನು ಕರೆಸಿದಳು. ಅವರು ಕೈಯಿಂದ ಪರೀಕ್ಷೆ ಮಾಡುವಾಗ ಗರ್ಭಕೋಶದ ಬಾಯಿಯನ್ನು ಕೊಂಚ ಅಲುಗಿಸಿದ್ದೇ ತಡ ನೇಸಿ ಚೀರಿದಳು. ಅಂದೇ ಔಷಧಿ ಶುರುವಾಯಿತು. ಅವಳ ಗಂಡನೂ ನುಂಗಬೇಕೆಂದು ಅವನಿಗೂ ಕೊಟ್ಟರು.

“ಪರದೆಯಲ್ಲಿ ಏನೂ ಇರ್ಲಿಲ್ವಲ್ಲ ಡಾಕ್ಟ್ರಮ್ಮ!” ಎರ್ಮಿಲಾಳ ದನಿಯಲ್ಲಿ ಮೋಸ ಹೋದವಳ ಸಿಟ್ಟಿತ್ತು.

“ಸೋಂಕು ಈಗ ತಾನೆ ಹತ್ತಿದ್ರೆ ಎಷ್ಟೋ ಸಲ ಕಾಣಲ್ಲ ಎರ್ಮಿಲಾ. ನಾಳ ಊದ್ಕೊಂಡು ಕೀವು ತುಂಬಿದ ಮೇಲೆ ಚೆನ್ನಾಗಿ ಕಾಣುತ್ತೆ. ಆದ್ರೆ ಅಲ್ಲಿವರೆಗೆ ಕಾಯ್ತಾ ಕೂತ್ರೆ ಆ ಹುಡುಗಿಗೆ ಮುಂದೆ ಮಕ್ಕಳಾಗೋದೇ ಕಷ್ಟ. ಚಿತ್ರ ಸರಿಯಿದೆ ಅಂದ್ರೆ ಹೆಂಗಸು ಸರಿಯಿದ್ದಾಳೆ ಅಂತ ಅರ್ಥ ಅಲ್ಲ.”

ನೇಸಿಯ ಜ್ವರ ಇಳಿಯಿತು. ಎರ್ಮಿಲಾಳ ತಲೆಬಿಸಿ ಇಳಿಯಲಿಲ್ಲ. ಕಂಡದ್ದು ಕ್ಯಾನ್ಸರಿನಂತೆ ಕಂಡು ಕ್ಯಾನ್ಸರ್ ಅಲ್ಲವೆಂದಾಯಿತು. ಕಾಣದ್ದು ಇಲ್ಲವೆಂದುಕೊಂಡರೆ ಇದೆಯೆಂದಾಯಿತು. ಹಾಗಾದರೆ ನೋಡುವುದು ಎಂದರೆ ಏನು? ಈ ಪ್ರಶ್ನೆ ಹಿಡಿದು ವಿಸಿತಾಸಿಯೋನ್ ಅಜ್ಜಿಯ ಬಾಗಿಲಿಗೆ ಹೋದಳು. ಅಜ್ಜಿ ಬಾಳೆಕಾಯಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

“ನಾನು ಇಷ್ಟು ವರ್ಷ ಬರೀ ಕೈಯಿಂದ ನೋಡಿದ್ದೀನಿ,” ಎಂದಳು. “ಎಷ್ಟೋ ಸಲ ಸರಿ ಹೋಗಿದೆ. ಎಷ್ಟೋ ಸಲ ತಪ್ಪಿದ್ದೀನಿ. ನಿನ್ನಮ್ಮನ ವಿಷಯದಲ್ಲೂ ತಪ್ಪಿದ್ನೋ ಏನೋ.” ಸುಲಿದ ಕಾಯಿಯನ್ನು ಬೋಗುಣಿಗೆ ಹಾಕಿ, “ನಿನ್ನ ಆ ಯಂತ್ರ ಮುದುಕಿಯರನ್ನ ನೋಡುತ್ತಾ?” ಎಂದಳು.

ಮುಂದಿನ ಸಲ ದೋಣಿಯಲ್ಲಿ ಅಜ್ಜಿಯೂ ಇದ್ದಳು. ಇಸ್ತ್ರಿ ಮಾಡಿದ ಹೂವಿನ ಲಂಗ, ತಲೆಗೆ ಬಿಳಿ ಬಟ್ಟೆ. ಲೂರ್ದೆಸ್ ಕೈ ಹಾಕುವ ಮುಂಚೆಯೇ ಎರ್ಮಿಲಾ ಪರದೆ ತಿರುಗಿಸಿದಳು. ಅಜ್ಜಿ ತನ್ನ ಗರ್ಭಕೋಶವನ್ನು ಬಹಳ ಹೊತ್ತು ನೋಡಿದಳು.

“ಇಷ್ಟು ಸಣ್ಣದಾ?”

“ವಯಸ್ಸಾದ ಮೇಲೆ ಕುಗ್ಗುತ್ತೆ ಅಜ್ಜಿ.”

“ಅದರ ಮೇಲೆ ಬೆಳ್ಳಗೆ ಗುಂಡಗೆ ಏನದು?”

“ಹಳೇ ಗಡ್ಡೆ. ಒಳ್ಳೇ ಜಾತೀದೇ. ಯಾವಾಗ್ಲೋ ಬೆಳೆದು, ಆಮೇಲೆ ಸುಣ್ಣಗಟ್ಟಿ ಕಲ್ಲಾಗಿದೆ. ನೋವಿದೆಯಾ?”

“ಇಲ್ಲಪ್ಪ.”

“ಹಾಗಾದ್ರೆ ಅದರ ಪಾಡಿಗೆ ಅದು ಇರ್ಲಿ.”

ಅಜ್ಜಿ ಲಂಗ ಸರಿಮಾಡಿಕೊಂಡಳು. ದೋಣಿ ಕೊಲ್ಲಿಯ ನಡುವೆ ಬಂದಾಗ ಮೋಟಾರಿನ ಸದ್ದಿನ ಮೇಲೆ ಕೂಗಿ ಕೇಳಿದಳು:

“ಎರ್ಮಿಲಾ! ಒಳಗೆ ಆ ಕಲ್ಲು ನಿಜವಾಗ್ಲೂ ಬೆಳ್ಳಗಿರುತ್ತಾ, ಇಲ್ಲಾ ಪರದೆಯಲ್ಲಿ ಮಾತ್ರ ಬೆಳ್ಳಗೆ ಕಾಣುತ್ತಾ?”

ಮರುದಿನ ನೀರು ಇಳಿದಿತ್ತು, ಚಿಪ್ಪಿಗೆ ಒಳ್ಳೆಯ ಹೊತ್ತು. ಆದರೂ ಎರ್ಮಿಲಾ ಎದುರು ದಿಕ್ಕಿಗೆ ಹೊರಟಿದ್ದ ಮೊದಲ ದೋಣಿಯನ್ನೇ ಹತ್ತಿ ಪಟ್ಟಣಕ್ಕೆ ಹೋಗಿ ಕೇಳಿಕೊಂಡು ಬಂದಳು. ಬೆಳ್ಳಗೇ ಇರುತ್ತದಂತೆ, ಸ್ವಲ್ಪ ಹಳದಿ ಛಾಯೆ.